ಸುತ್ತಿಗೆ ಹಿಡಿಯುವವರ ಅರ್ಹತೆ: ಹರಾಜುದಾರರಿಗೆ ವೃತ್ತಿಮಾನದಂಡ ಏಕೆ ಬೇಕು

ಮಾನ್ಯರೇ,

ಹರಾಜಿನ ಬಗ್ಗೆ ನಮ್ಮಲ್ಲಿ ಮಾತು ಎದ್ದಾಗಲೆಲ್ಲ ಅದು ಬೆಲೆಯ ಮಾತಾಗಿಯೇ ಮುಗಿಯುತ್ತದೆ. ಇವತ್ತು ರೇಷ್ಮೆಗೂಡು ಎಷ್ಟಕ್ಕೆ ಹೋಯಿತು, ಮೆಣಸಿನಕಾಯಿಗೆ ಎಷ್ಟು ಬಂತು, ಬ್ಯಾಂಕಿನವರು ಹರಾಜಿಗಿಟ್ಟ ಮನೆ ಯಾವ ಬೆಲೆಗೆ ಬಿತ್ತು ಎಂದು ಕೇಳುತ್ತೇವೆ. ಕೂಗಿದವರು ಯಾರು, ಅವರಿಗೆ ಆ ಕೆಲಸ ಕಲಿಸಿದವರು ಯಾರು, ಅವರು ತಪ್ಪಿದರೆ ಕೇಳಬೇಕಾದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಕೃಷಿ ಮಾರುಕಟ್ಟೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಬ್ಯಾಂಕುಗಳ ವಸೂಲಾತಿ ವಿಭಾಗಗಳಲ್ಲಿ ಕೆಲಸ ಮಾಡುವ ನೀವೆಲ್ಲ ಇಲ್ಲಿ ಸೇರಿರುವುದರಿಂದ, ನಾನು ಈ ಎರಡನೆಯ ಬಗೆಯ ಪ್ರಶ್ನೆಗಳನ್ನೇ ಎತ್ತಿಕೊಳ್ಳುತ್ತೇನೆ. ಮಾರುಕಟ್ಟೆ ಪ್ರಾಂಗಣಗಳಲ್ಲಿ ಬಹಳ ವರ್ಷ ಕಳೆದವನಾಗಿ ನನಗೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ.

ನಮ್ಮ ಭಾಷೆಯಲ್ಲಿ ಈ ವ್ಯವಹಾರಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ಹಳೆಯ ಮೈಸೂರಿನ ಕಡೆ ಹರಾಜು ಎನ್ನುತ್ತೇವೆ; ಉತ್ತರ ಕರ್ನಾಟಕದಲ್ಲಿ ಲಿಲಾವು, ಸವಾಲು ಎಂಬ ಮಾತುಗಳಿವೆ; ಕರಾವಳಿಯ ಬಂದರುಗಳಲ್ಲಿ ಅದು ಏಲಂ. ಹರಾಜು ಅರಬ್ಬೀ ಮೂಲದಿಂದ ಬಂದ ಮಾತು. ಲಿಲಾವು, ಏಲಂ ಎರಡೂ ಪೋರ್ಚುಗೀಸರ ವ್ಯಾಪಾರದ ಮಾತಿನಿಂದ ನಮ್ಮಲ್ಲಿಗೆ ಬಂದು ಬೇರೆ ಬೇರೆ ರೂಪ ತಳೆದವು. ಆದರೆ ಹರಾಜು ನಡೆಸುವ ವ್ಯಕ್ತಿಗೆ ನಮ್ಮಲ್ಲಿ ಗಟ್ಟಿಯಾದ ಒಂದು ಹೆಸರು ನಿಂತಿಲ್ಲ. ಕೂಗುವವನು ಎನ್ನುತ್ತೇವೆ, ಹರಾಜುದಾರ ಎಂದು ಕಾಗದದಲ್ಲಿ ಬರೆಯುತ್ತೇವೆ. ಅದನ್ನು ವಕೀಲಿ, ವೈದ್ಯಕೀಯಗಳಂತೆ ಒಂದು ವೃತ್ತಿಯೆಂದು ನಾವು ಎಣಿಸಿಯೇ ಇಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ ಎಂದು ನನಗೆ ಅನ್ನಿಸುತ್ತದೆ.

ನಾನು ಮೊದಲು ಈ ಕೆಲಸವನ್ನು ಹತ್ತಿರದಿಂದ ನೋಡಿದ್ದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಗೂಡಿನ ವ್ಯಾಪಾರ ಬೇರೆ ವ್ಯಾಪಾರದಂತಲ್ಲ. ಬತ್ತವನ್ನಾದರೆ ಬೆಲೆ ಸಾಲದೆಂದು ಮನೆಗೆ ಹೊತ್ತುಕೊಂಡು ಹೋಗಿ ಪಣತದಲ್ಲಿಡಬಹುದು. ಹಸಿ ಗೂಡನ್ನು ಹಾಗೆ ಇಟ್ಟುಕೊಂಡರೆ ಕೆಲವೇ ದಿನಗಳಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಅಲ್ಲಿಗೆ ಆ ಗೂಡು ನೂಲು ಬಿಚ್ಚಲು ಬಾರದು. ಕೂಗಿದ ಬೆಲೆಯನ್ನು ಬೇಡವೆನ್ನುವ ಹಕ್ಕು ರೈತನಿಗೆ ಉಂಟು. ಆದರೆ ಆ ಹಕ್ಕನ್ನು ಬಳಸಲು ಅವನಿಗಿರುವ ಕಾಲ ಬಹಳ ಕಡಿಮೆ. ಹೀಗಿರುವಲ್ಲಿ ಲಾಟಿನ, ಅಂದರೆ ಒಟ್ಟಿಗೆ ಮಾರಲಿಟ್ಟ ರಾಶಿಯ, ಮುಂದೆ ನಿಂತು ಬೆಲೆ ಕೂಗುತ್ತಿದ್ದವರು ತೋರುವ ಎಚ್ಚರಕ್ಕೂ ಉದಾಸೀನಕ್ಕೂ ರೈತನ ಇಡೀ ಬೆಳೆಯ ತೂಕವಿರುತ್ತಿತ್ತು.

ಅಲ್ಲಿ ನಾನು ಕಂಡ ಹಿರಿಯರೊಬ್ಬರು ಹರಾಜು ಶುರುವಾಗುವ ಮುಂಚೆ ಒಂದೊಂದೇ ಲಾಟಿನ ಬಳಿ ಹೋಗಿ, ಮೇಲಿನ ಪದರವನ್ನು ಬದಿಗೆ ಸರಿಸಿ, ಅಡಿಯಿಂದ ಒಂದು ಹಿಡಿ ಗೂಡು ತೆಗೆದು ನೋಡುತ್ತಿದ್ದರು. ಒಂದು ಗೂಡನ್ನು ಬೆರಳಿನಿಂದ ಒತ್ತಿ ಗಟ್ಟಿತನ ತಿಳಿಯುತ್ತಿದ್ದರು. ಇನ್ನೊಂದನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಯಾವ ಹಂತದಲ್ಲಿದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಜೋಡಿಗೂಡು, ಕಲೆಗೂಡು ಎಷ್ಟಿವೆ ಎಂದು ಕಣ್ಣಿನಲ್ಲೇ ಅಳೆಯುತ್ತಿದ್ದರು. ಆಮೇಲೆ ಅವರು ಕೂಗು ಆರಂಭಿಸುತ್ತಿದ್ದ ಮೊದಲ ಬೆಲೆ, ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಕೊನೆಗೆ ಕೊಟ್ಟ ಬೆಲೆಗೆ ಬಹಳ ದೂರವಿರುತ್ತಿರಲಿಲ್ಲ. ಮೊದಲ ಬೆಲೆಯನ್ನು ತೀರ ಕೆಳಗಿನಿಂದ ಕೂಗಿದರೆ ಆ ಲಾಟಿನಲ್ಲಿ ಏನೋ ದೋಷವಿದೆ ಎಂದು ಕೊಳ್ಳುವವರು ಹಿಂಜರಿಯುತ್ತಾರೆ, ತೀರ ಮೇಲಿನಿಂದ ಕೂಗಿದರೆ ಯಾರೂ ಬಾಯಿ ತೆರೆಯದೆ ಲಾಟು ತಣ್ಣಗಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಹರಾಜುದಾರನ ಕೌಶಲವೆಂದರೆ ಗಟ್ಟಿ ಗಂಟಲು ಎಂದು ನಂಬಿದ್ದ ನನಗೆ, ಅದು ಮೊದಲು ಸರಕಿನ ಜ್ಞಾನ ಎಂದು ತಿಳಿದದ್ದು ಅವರಿಂದ. ಆದರೆ ಅವರ ಜಾಗಕ್ಕೆ ಬಂದವರು ಇದನ್ನು ಯಾರಿಂದಲೂ ಕಲಿತಿರಲಿಲ್ಲ. ಕಲಿತಿರಬೇಕೆಂದು ಯಾವ ಆದೇಶವೂ ಹೇಳುತ್ತಿರಲಿಲ್ಲ.

ಕಾನೂನು ಹರಾಜುದಾರನ ಕೈಯಲ್ಲಿ ಏನನ್ನು ಇಟ್ಟಿದೆ ಎಂಬುದನ್ನು ಈಗ ನೋಡೋಣ. 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮು ಚಿಕ್ಕದು, ಆದರೆ ಅದರಲ್ಲಿ ಈ ವೃತ್ತಿಯ ಇಡೀ ಬೀಜವಿದೆ. ಸುತ್ತಿಗೆ ಬೀಳುವ ಮೂಲಕವೋ ರೂಢಿಯ ಬೇರೆ ವಿಧಾನದಿಂದಲೋ ಹರಾಜುದಾರನು ಮಾರಾಟ ಮುಗಿಯಿತೆಂದು ಸಾರಿದಾಗಲೇ ಮಾರಾಟ ಪೂರ್ಣವಾಗುತ್ತದೆ, ಅಲ್ಲಿಯವರೆಗೆ ಕೂಗಿದವನು ತನ್ನ ಕೂಗನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ಅದು ಹೇಳುತ್ತದೆ. ಇದರ ಬೇರು 1789ರ ಪೇನ್ ವಿರುದ್ಧ ಕೇವ್ ಎಂಬ ಇಂಗ್ಲೆಂಡಿನ ಮೊಕದ್ದಮೆಯಲ್ಲಿದೆ. ಭಟ್ಟಿ ಇಳಿಸುವ ಉಪಕರಣವೊಂದಕ್ಕೆ 40 ಪೌಂಡು ಕೂಗಿದವನು ಸುತ್ತಿಗೆ ಬೀಳುವ ಮೊದಲೇ ಬೇಡವೆಂದಾಗ, ನ್ಯಾಯಾಲಯ ಅವನ ಪಕ್ಷವನ್ನು ಎತ್ತಿಹಿಡಿಯಿತು. ಅಂದರೆ ಕೂಗು ಎಂಬುದು ಕೊಳ್ಳುವವನು ಮುಂದಿಡುವ ಪ್ರಸ್ತಾಪ; ಅದನ್ನು ಒಪ್ಪಂದವನ್ನಾಗಿ ಮಾಡುವ ಅಧಿಕಾರ ಸುತ್ತಿಗೆ ಹಿಡಿದ ಕೈಗೆ ಮಾತ್ರ ಸೇರಿದ್ದು.

ಅದೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಮಾರುವವನು ತಾನೂ ಕೂಗುವ ಹಕ್ಕನ್ನು ಮೊದಲೇ ತಿಳಿಸಿ ಕಾಯ್ದಿರಿಸಿಕೊಂಡಿಲ್ಲದಿದ್ದರೆ, ಅವನು ತಾನಾಗಿ ಕೂಗುವುದು, ತನ್ನ ಪರವಾಗಿ ಬೇರೆಯವರಿಂದ ಕೂಗಿಸುವುದು, ಹಾಗೆ ಬಂದ ಕೂಗನ್ನು ಹರಾಜುದಾರನು ತಿಳಿದೂ ತಿಳಿದೂ ಸ್ವೀಕರಿಸುವುದು, ಇವೆಲ್ಲ ಕಾನೂನುಬಾಹಿರ. ಅಂಥ ಮಾರಾಟವನ್ನು ಕೊಂಡವನು ವಂಚನೆಯೆಂದು ಪರಿಗಣಿಸಬಹುದು. ಹುಸಿ ಕೂಗಿನಿಂದ ಬೆಲೆ ಏರಿಸಿದ್ದರೆ ಮಾರಾಟವನ್ನೇ ರದ್ದುಪಡಿಸುವ ಆಯ್ಕೆಯೂ ಅವನದು. ಇದು ಒಳ್ಳೆಯ ಕಾನೂನು. ಆದರೆ ಇಲ್ಲಿ ಪರಿಹಾರದ ದಾರಿ ಇರುವುದು ಕೊಂಡವನಿಗೆ, ಅದೂ ಹುಸಿ ಕೂಗು ಆಯಿತೆಂದು ಅವನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತು ಮಾಡಬಲ್ಲವನಾದರೆ. ತಿಳಿದೂ ಹುಸಿ ಕೂಗನ್ನು ಸ್ವೀಕರಿಸಿದ ಹರಾಜುದಾರನು ಮರುದಿನ ಇನ್ನೊಂದು ಊರಿನಲ್ಲಿ ಸುತ್ತಿಗೆ ಹಿಡಿಯುವುದನ್ನು ತಡೆಯುವ ಮಾತು ಆ ಕಲಮಿನಲ್ಲಿ ಇಲ್ಲ. ವಕೀಲನು ತಪ್ಪಿದರೆ ವಕೀಲರ ಪರಿಷತ್ತು ಅವನ ಸನ್ನದನ್ನು ಕಿತ್ತುಕೊಳ್ಳಬಹುದು. ಹರಾಜುದಾರನಿಂದ ಕಿತ್ತುಕೊಳ್ಳಲು ಸನ್ನದೇ ಇಲ್ಲ.

ಈ ಹೊಣೆ ಎಷ್ಟು ಭಾರವಾದದ್ದು ಎಂಬುದಕ್ಕೆ ಇಂಗ್ಲೆಂಡಿನ ಇನ್ನೊಂದು ತೀರ್ಪು ನನಗೆ ಯಾವಾಗಲೂ ನೆನಪಾಗುತ್ತದೆ. 2000ದಲ್ಲಿ ತೀರ್ಮಾನವಾದ ಬ್ಯಾರಿ ವಿರುದ್ಧ ಡೇವೀಸ್ ಪ್ರಕರಣದಲ್ಲಿ, ಎಂಜಿನ್ ಪರೀಕ್ಷಿಸುವ ಎರಡು ಯಂತ್ರಗಳನ್ನು ಕನಿಷ್ಠ ಬೆಲೆಯಿಲ್ಲದೆ ಹರಾಜಿಗೆ ಇಡಲಾಗಿತ್ತು. ಹೊಸದಾಗಿ ಕೊಂಡರೆ ಒಂದೊಂದೂ 14,000 ಪೌಂಡಿಗಿಂತ ಹೆಚ್ಚು ಬಾಳುವ ಆ ಯಂತ್ರಗಳಿಗೆ ಒಬ್ಬನೇ ಒಬ್ಬ ತಲಾ 200 ಪೌಂಡು ಕೂಗಿದ. ಇಷ್ಟು ಕಡಿಮೆಗೆ ಕೊಡಲು ಮನಸ್ಸು ಬಾರದೆ ಹರಾಜುದಾರನು ಅವುಗಳನ್ನು ಹರಾಜಿನಿಂದ ಹಿಂದಕ್ಕೆ ತೆಗೆದ. ಕನಿಷ್ಠ ಬೆಲೆ ಇಲ್ಲವೆಂದು ಸಾರಿದ ಮೇಲೆ ಅತಿ ಹೆಚ್ಚು ಕೂಗಿದವನಿಗೆ ಕೊಡಲೇಬೇಕು ಎಂದು ನ್ಯಾಯಾಲಯ ತೀರ್ಮಾನಿಸಿ, ಹರಾಜುದಾರನೇ 27,600 ಪೌಂಡು ಪರಿಹಾರ ಕೊಡಬೇಕೆಂದಿತು. ಮಾರುವವನ ಹಿತಕ್ಕಾಗಿ ಮಾಡಿದ ಕೆಲಸಕ್ಕೆ ಅವನೇ ದಂಡ ತೆತ್ತ. ಆತ ಕೆಟ್ಟವನೇನಲ್ಲ. ತಾನು ಆಡಿದ ಒಂದು ಮಾತಿಗೆ ಕಾನೂನಿನಲ್ಲಿ ಎಂಥ ಬಲವಿದೆ ಎಂಬುದನ್ನು ಆ ಕ್ಷಣದಲ್ಲಿ ಮರೆತವನು, ಅಷ್ಟೆ. ತರಬೇತಿ ಬೇಕಾಗುವುದು ಇಂಥ ಕ್ಷಣಕ್ಕೆ.

ಈಗ ನಮ್ಮ ನಾಡಿನ ಸ್ಥಿತಿಗೆ ಬರೋಣ. ಹರಾಜಿನ ಸುತ್ತ ನಾವು ಕಟ್ಟಿಕೊಂಡಿರುವ ನಿಯಮಗಳು ಕಡಿಮೆಯೇನಲ್ಲ. ದಲಾಲನೂ ವರ್ತಕನೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ, ರೈತ ಎದುರಿಗೇ ನಿಂತಿದ್ದರೂ ತನ್ನ ಮಾಲಿನ ಬೆಲೆ ತಿಳಿಯದೆ ಹೋಗುತ್ತಿದ್ದ ಪದ್ಧತಿಯನ್ನು ತೊಡೆದುಹಾಕಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಹುಟ್ಟಿದವು. ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಪ್ರಾಂಗಣವನ್ನು ಕಟ್ಟಿಕೊಟ್ಟಿತು, ವರ್ತಕರಿಗೂ ದಲಾಲರಿಗೂ ತೂಕದವರಿಗೂ ಪರವಾನಗಿ ಎಂಬ ಕಟ್ಟು ಹಾಕಿತು. ರೇಷ್ಮೆಗೂಡಿಗೆ 1959ರದೇ ಪ್ರತ್ಯೇಕ ಕಾಯ್ದೆಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶವು ನ್ಯಾಯಾಲಯದ ಹರಾಜನ್ನು ಡಂಗುರ ಸಾರುವ ರೀತಿಯಿಂದ ಹಿಡಿದು ಹಣ ಕಟ್ಟುವ ದಿನದವರೆಗೆ ವಿವರಿಸುತ್ತದೆ. ಸ್ಥಿರಾಸ್ತಿ ಕೊಂಡವನು ಬೆಲೆಯ ಶೇ 25 ಭಾಗವನ್ನು ಕೂಡಲೇ ಕಟ್ಟಬೇಕು, ಉಳಿದದ್ದನ್ನು 15 ದಿನಗಳೊಳಗೆ ಕಟ್ಟಬೇಕು. ಮಾರಾಟದಲ್ಲಿ ಯಾವುದೇ ಕರ್ತವ್ಯ ಹೊತ್ತ ಅಧಿಕಾರಿ ಅಥವಾ ಬೇರೆ ವ್ಯಕ್ತಿ ಅಲ್ಲಿ ಕೂಗಕೂಡದು ಎಂದು 73ನೆಯ ನಿಯಮ ಸ್ಪಷ್ಟವಾಗಿ ತಡೆದಿದೆ. ಆದರೆ ಹರಾಜು ನಡೆಸುವವರು ಯಾರಿರಬೇಕೆಂದರೆ, ನ್ಯಾಯಾಲಯದ ಅಧಿಕಾರಿ ಅಥವಾ ನ್ಯಾಯಾಲಯ ನೇಮಿಸಿದ ಬೇರೊಬ್ಬ ವ್ಯಕ್ತಿ ಎಂಬಲ್ಲಿಗೆ ಸಂಹಿತೆಯ ಮಾತು ನಿಲ್ಲುತ್ತದೆ.

ಕೆಲವು ಸರಕುಗಳ ವಿಷಯದಲ್ಲಿ ನಾವು ಇನ್ನೂ ಮುಂದೆ ಹೋಗಿದ್ದೇವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಏಲಕ್ಕಿಯ ಹರಾಜು ನಡೆಸುವವರು 1987ರ ನಿಯಮಗಳಂತೆ ಸಂಬಾರ ಮಂಡಳಿಯಿಂದ ಪರವಾನಗಿ ಪಡೆಯಬೇಕು. ಚಹಾದ ಹರಾಜಿನಲ್ಲಿ ಹರಾಜು ಸಂಸ್ಥೆಯೂ ದಲ್ಲಾಳಿಯೂ 2003ರ ನಿಯಂತ್ರಣ ಆದೇಶದ ಕೆಳಗೆ ಚಹಾ ಮಂಡಳಿಯ ಪರವಾನಗಿಗೆ ಒಳಪಟ್ಟವರು. ಕೋಲ್ಕತ್ತದಲ್ಲಿ 1861ರಲ್ಲಿ ಆರಂಭವಾದ ಚಹಾ ಹರಾಜಿನ ಪರಂಪರೆಯಲ್ಲಿ ದಲ್ಲಾಳಿಗಳು ಸಾಲುಸಾಲಾಗಿ ಇಟ್ಟ ಬಟ್ಟಲುಗಳನ್ನು ರುಚಿ ನೋಡಿ, ಒಂದೊಂದು ಲಾಟಿನ ಬೆಲೆ ಅಂದಾಜಿಸಿ, ಆಮೇಲೆಯೇ ಹರಾಜಿಗೆ ತರುತ್ತಾರೆ. ಆ ನಾಲಿಗೆ ಪಳಗಲು ವರ್ಷಗಳೇ ಬೇಕು. ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ತಂಬಾಕಿಗೆ 1984ರಿಂದ ತಂಬಾಕು ಮಂಡಳಿಯೇ ಹರಾಜು ಕಟ್ಟೆ ನಡೆಸುತ್ತಿದ್ದು, ಬೇಲು ಹರಾಜಿಗೆ ಬರುವ ಮೊದಲು ಮಂಡಳಿಯ ಸಿಬ್ಬಂದಿ ಅದರ ದರ್ಜೆಯನ್ನು ಗುರುತಿಸುತ್ತಾರೆ. ಈ ಮೂರೂ ಕಡೆ ಒಂದು ಸರಕಿಗೆ ಒಂದು ಮಂಡಳಿ ಇದ್ದದ್ದರಿಂದ ಶಿಸ್ತು ಬಂತು. ಮಂಡಳಿಯಿಲ್ಲದ ಮನೆ, ಜಮೀನು, ವಾಹನ, ಯಂತ್ರ, ಒಡವೆಗಳ ಹರಾಜಿಗೆ ಇಂಥ ತಾಯಿಬೇರು ಇಲ್ಲ.

ಮೌಲ್ಯಮಾಪಕರ ಜೊತೆ ಹೋಲಿಸಿದರೆ ಕೊರತೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕಂಪನಿ ಕಾಯ್ದೆಯ ಕೆಳಗೆ 2017ರಲ್ಲಿ ನೋಂದಾಯಿತ ಮೌಲ್ಯಮಾಪಕರ ನಿಯಮಗಳು ಬಂದ ಮೇಲೆ, ಆ ಕಾಯ್ದೆಯ ಉದ್ದೇಶಗಳಿಗೆ ಜಮೀನು ಕಟ್ಟಡಗಳ, ಯಂತ್ರಗಳ, ಹಣಕಾಸು ಆಸ್ತಿಗಳ ಬೆಲೆ ಕಟ್ಟಬೇಕಾದವರು 50 ಗಂಟೆಗಳ ಶಿಕ್ಷಣ ಪಡೆದು, ಪರೀಕ್ಷೆಯಲ್ಲಿ ಶೇ 60 ಅಂಕ ಗಳಿಸಿ, ನೋಂದಾಯಿಸಿಕೊಳ್ಳಬೇಕು. ನಿವೇಶನ ತೋರಿಸುವ ಏಜೆಂಟರಿಗೂ 2016ರ ರಿಯಲ್ ಎಸ್ಟೇಟ್ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿದೆ. ಹೀಗಾಗಿ ಒಂದು ಆಸ್ತಿಗೆ ಬೆಲೆ ಕಟ್ಟಿದವನು ಪರೀಕ್ಷೆ ಪಾಸಾದವನಾಗಿರಬಹುದು, ಅದನ್ನು ತೋರಿಸಿದವನು ನೋಂದಾಯಿತನಾಗಿರಬಹುದು, ಆದರೆ ಅದನ್ನು ಸಾರ್ವಜನಿಕರ ಎದುರಿಗೆ ಮಾರಿದವನು ಯಾವ ಪರೀಕ್ಷೆಯನ್ನೂ ಎದುರಿಸಿದವನಲ್ಲ.

ನನ್ನ ಮನಸ್ಸಿಗೆ ಹೆಚ್ಚು ನಾಟಿರುವುದು ಚಿನ್ನದ ಸಾಲದ ಹರಾಜು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕು ಹಾಕಿದ ನಿಯಮಗಳು ಎಚ್ಚರದಿಂದ ರೂಪಿಸಿದಂಥವು. ಹರಾಜನ್ನು ಕನಿಷ್ಠ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಸಾಲ ಕೊಟ್ಟ ಕಂಪನಿ ತಾನೇ ಹರಾಜಿನಲ್ಲಿ ಕೂಗಬಾರದು. 2013ರಲ್ಲಿ ಬಂದ ನಿರ್ದೇಶನದಂತೆ ಸಾಲ ಕೊಟ್ಟ ಶಾಖೆಯಿರುವ ಊರು ಅಥವಾ ತಾಲ್ಲೂಕಿನಲ್ಲೇ ಹರಾಜು ನಡೆಯಬೇಕಿತ್ತು, ಕನಿಷ್ಠ ಬೆಲೆಯು 22 ಕ್ಯಾರೆಟ್ ಚಿನ್ನದ ಹಿಂದಿನ 30 ದಿನಗಳ ಸರಾಸರಿ ಬೆಲೆಯ ಶೇ 85ಕ್ಕಿಂತ ಕಡಿಮೆಯಿರಬಾರದಿತ್ತು. 2025ರ ಹೊಸ ನಿರ್ದೇಶನಗಳು ಈ ಮಿತಿಯನ್ನು ಅಂದಿನ ಮೌಲ್ಯದ ಶೇ 90ಕ್ಕೆ ಏರಿಸಿವೆ. ಆದರೆ ಹರಾಜು ನಡೆಸುವವರು ಯಾರು ಎಂಬ ಕಡೆ ಆ ಕಂಪನಿಗಳ ನ್ಯಾಯಸಮ್ಮತ ನಡವಳಿಕೆಯ ಸಂಹಿತೆ ಹೇಳಿದ್ದು ಇಷ್ಟೆ: ಆಡಳಿತ ಮಂಡಳಿ ಒಪ್ಪಿದ ಹರಾಜುದಾರರ ಮೂಲಕವೇ ಮಾರಬೇಕು. ಆಡಳಿತ ಮಂಡಳಿ ಎಂದರೆ ಸಾಲ ಕೊಟ್ಟ ಕಂಪನಿಯದೇ ಮಂಡಳಿ. ಸಾಲ ಕೊಟ್ಟವರೇ ಹರಾಜುದಾರನನ್ನು ಆರಿಸುತ್ತಾರೆ, ಅವರೇ ಅವನಿಗೆ ಸಂಭಾವನೆ ಕೊಡುತ್ತಾರೆ, ಅವನ ಯೋಗ್ಯತೆಯನ್ನು ಅಳೆಯುವವರೂ ಅವರೇ. ಒಡವೆ ಕಳೆದುಕೊಳ್ಳುವವರ ಕಡೆಯಿಂದ ಅವನನ್ನು ಅಳೆಯುವವರು ಯಾರೂ ಇಲ್ಲ.

ತಾಲ್ಲೂಕು ಕೇಂದ್ರವೊಂದರಲ್ಲಿ ಇಂಥ ಹರಾಜಿಗೆ ನಾನು ಒಬ್ಬ ಹೆಣ್ಣುಮಗಳ ಜೊತೆ ಹೋಗಿದ್ದೆ. ಆಕೆ ನಮ್ಮ ಬೀದಿಯವರು. ಮಗಳ ಓದಿಗೆ ಎಂದು ಇಟ್ಟಿದ್ದ ಎರಡೆಳೆ ಸರ ಹರಾಜಿಗೆ ಬಂದಿತ್ತು. ಬಾಕಿ ಕಟ್ಟಲು ಹಣ ಹೊಂದಿಸಿಕೊಂಡು ನಾವು ತಲುಪುವ ಹೊತ್ತಿಗೆ ಸರ ಹೋಗಿಯಾಗಿತ್ತು. ಎಷ್ಟರಿಂದ ಕೂಗು ಶುರುವಾಯಿತು, ಎಷ್ಟು ಜನ ಕೂಗಿದರು, ಒಡವೆಯನ್ನು ಒಂದೊಂದಾಗಿ ಮಾರಿದರೋ ಗಂಟಾಗಿ ಮಾರಿದರೋ ಎಂದು ನಾನು ಕೇಳಿದೆ. ಹರಾಜುದಾರನ ಬಳಿ ಅಂತಿಮ ಬೆಲೆಯ ಪಟ್ಟಿ ಬಿಟ್ಟು ಬೇರೇನೂ ಇರಲಿಲ್ಲ. ಅವನು ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಪ್ರತಿ ಕೂಗನ್ನೂ ಬರೆದಿಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆ ಅಕ್ಕ ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದ್ದು ಒಂದೇ ಮಾತು, ಯಾರು ತಗೊಂಡ್ರು ಅಂತಾದರೂ ಹೇಳಬಹುದಿತ್ತಲ್ಲ ಎಂದು. ಸರಿಯಾದ ದಾಖಲೆ ಇದ್ದಿದ್ದರೆ ಸರ ಮರಳುತ್ತಿರಲಿಲ್ಲ, ಆದರೆ ಅನುಮಾನ ಉಳಿಯುತ್ತಿರಲಿಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿವೆ ಎಂದು ನೋಡುವುದು ಉಪಯುಕ್ತ, ಏಕೆಂದರೆ ಅವು ಆರಿಸಿಕೊಂಡ ದಾರಿಗಳು ಒಂದೇ ಅಲ್ಲ. ಫ್ರಾನ್ಸಿನಲ್ಲಿ ರಾಜ ಎರಡನೆಯ ಹೆನ್ರಿ 1556ರಲ್ಲೇ ಬೆಲೆ ಕಟ್ಟಿ ಮಾರುವ ಅಧಿಕಾರಿಗಳ ಹುದ್ದೆಯನ್ನು ಸೃಷ್ಟಿಸಿದ. ಆ ಹುದ್ದೆಯ ವಾರಸುದಾರರು ಶತಮಾನಗಳ ಕಾಲ ಹರಾಜಿನ ಏಕಸ್ವಾಮ್ಯ ಹೊಂದಿದ್ದರು. ಯುರೋಪಿನ ನಿಯಮಗಳ ಒತ್ತಡದಿಂದ 2000ದ ಕಾನೂನು ಆ ಏಕಸ್ವಾಮ್ಯವನ್ನು ಮುರಿದು, ಮಾಲೀಕರು ತಾವಾಗಿ ಮಾಡಿಸುವ ಹರಾಜುಗಳನ್ನು ಬೇರೆಯವರಿಗೂ ತೆರೆಯಿತು. ಇಲ್ಲಿ ಗಮನಿಸಬೇಕಾದದ್ದು, ಏಕಸ್ವಾಮ್ಯ ಹೋದರೂ ಅರ್ಹತೆಯ ಕಟ್ಟು ಹೋಗಲಿಲ್ಲ ಎಂಬುದು. ಅಲ್ಲಿ ಇವತ್ತಿಗೂ ಹರಾಜುದಾರನಾಗಬೇಕೆಂದರೆ ಕಾನೂನನ್ನೂ ಕಲೆಯ ಇತಿಹಾಸವನ್ನೂ ಓದಿರಬೇಕು, ಪ್ರವೇಶ ಪರೀಕ್ಷೆ ಪಾಸಾಗಬೇಕು, ಎರಡು ವರ್ಷ ಅನುಭವಿಯೊಬ್ಬರ ಕೈಕೆಳಗೆ ಪಳಗಬೇಕು. ಬಾಗಿಲು ತೆರೆಯುವುದು ಬೇರೆ, ಹೊಸ್ತಿಲನ್ನು ಕಿತ್ತುಹಾಕುವುದು ಬೇರೆ ಎಂಬುದನ್ನು ಅವರು ಬೇರ್ಪಡಿಸಿ ನೋಡಿದರು. ಪರವಾನಗಿ ಎಂದೊಡನೆ ಅದು ಹಳೆಯ ಕಾಲದ ಲೈಸೆನ್ಸ್ ರಾಜ್ಯ ಎಂದು ಹೆದರುವ ನಮ್ಮವರು ಈ ಭೇದವನ್ನು ಮನಸ್ಸಿಟ್ಟು ನೋಡಬೇಕೆಂದು ನನ್ನ ಕೋರಿಕೆ.

ಇಂಗ್ಲೆಂಡಿನ ದಾರಿ ಇದಕ್ಕೆ ಎದುರಾದದ್ದು. ಅಲ್ಲಿನ 1845ರ ಹರಾಜುದಾರರ ಕಾಯ್ದೆ ವರ್ಷಕ್ಕೆ 10 ಪೌಂಡಿನ ಪರವಾನಗಿ ಶುಲ್ಕ ಹಾಕಿತು. ಅದು ಸರ್ಕಾರದ ವರಮಾನಕ್ಕಾಗಿ ಮಾಡಿದ ಕಾನೂನೇ ಹೊರತು ಯೋಗ್ಯತೆಯನ್ನು ಅಳೆಯುವುದಕ್ಕಲ್ಲ, ಮುಂದೆ ಆ ಶುಲ್ಕ ರದ್ದಾಯಿತು. ಆದರೆ ಅದರಲ್ಲಿ ಒಂದು ಸಣ್ಣ ನಿಯಮವಿತ್ತು. ಹರಾಜು ಆರಂಭವಾಗುವ ಮೊದಲು ಹರಾಜುದಾರನು ತನ್ನ ಪೂರ್ಣ ಹೆಸರನ್ನೂ ವಾಸಸ್ಥಳವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದ ಫಲಕವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಇದಕ್ಕೆ ನಾನು ಕೊನೆಯಲ್ಲಿ ಮರಳಿ ಬರುತ್ತೇನೆ. ಕೊಳ್ಳುವವರು ಒಳಗೊಳಗೇ ಕೂಟ ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಕೂಗದಿರುವ ಚಾಳಿಯನ್ನು ಅವರು 1927ರಲ್ಲಿ ಬೇರೊಂದು ಕಾಯ್ದೆಯಿಂದ ಅಪರಾಧವಾಗಿಸಿದರು. ಅರ್ಹತೆಯನ್ನು ಮಾತ್ರ ವೃತ್ತಿಸಂಘಗಳ ಪರೀಕ್ಷೆಗಳಿಗೆ, ಸದಸ್ಯತ್ವಕ್ಕೆ ಬಿಟ್ಟರು.

ಐರ್ಲೆಂಡು ನಮಗೆ ಹೆಚ್ಚು ಹತ್ತಿರದ ಪಾಠವೆಂದು ನಾನು ತಿಳಿದಿದ್ದೇನೆ. ಅಲ್ಲಿ ಮನೆ ಮಾರಿಸುವ ಏಜೆಂಟರನ್ನೂ ಜನ ಹರಾಜುದಾರರೆಂದೇ ಕರೆಯುತ್ತಾರೆ. ಆಸ್ತಿ ಬೆಲೆಗಳ ಉಬ್ಬರ ಒಡೆದು ಸಾಮಾನ್ಯ ಜನ ಕೈ ಸುಟ್ಟುಕೊಂಡ ಮೇಲೆ, 2011ರ ಕಾಯ್ದೆಯಿಂದ ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರವೊಂದು ಹುಟ್ಟಿ 2012ರಲ್ಲಿ ಕೆಲಸ ಆರಂಭಿಸಿತು. ಜಮೀನಲ್ಲದ ವಸ್ತುಗಳ ಹರಾಜಿಗೆ ಒಂದು ವರ್ಗದ ಪರವಾನಗಿ, ಜಮೀನು ಮಾರಾಟಕ್ಕೆ ಇನ್ನೊಂದು. ಪರವಾನಗಿ ಉಳಿಸಿಕೊಳ್ಳಲು ಪ್ರತಿ ವರ್ಷ ಕಲಿಕೆ ಮುಂದುವರಿಸಬೇಕು. ಗಿರಾಕಿಗಳ ಹಣವನ್ನು ತನ್ನ ಹಣದೊಂದಿಗೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿಡಬೇಕು. ಪರವಾನಗಿ ಉಳ್ಳವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಪರವಾನಗಿದಾರರ ಅಪ್ರಾಮಾಣಿಕತೆಯಿಂದ ಹಣ ಕಳೆದುಕೊಂಡವರಿಗೆ, ಅವರೇ ಕಟ್ಟಿದ ಹಣದಿಂದ ಬೆಳೆದ ಪರಿಹಾರ ನಿಧಿಯಿದೆ. ಪರವಾನಗಿಗಿಂತ ಈ ನಿಧಿಯೇ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಒಬ್ಬನ ತಪ್ಪಿಗೆ ಎಲ್ಲರೂ ತೆರಬೇಕೆಂದಾದಾಗ ಆ ವೃತ್ತಿಯವರೇ ಒಬ್ಬರ ಮೇಲೊಬ್ಬರು ಕಣ್ಣಿಡಲು ಕಲಿಯುತ್ತಾರೆ.

ಅಮೆರಿಕದಲ್ಲಿ ರಾಜ್ಯಕ್ಕೊಂದು ರೀತಿ. ನಾರ್ತ್ ಕ್ಯಾರೊಲೈನದಂಥ ರಾಜ್ಯಗಳಲ್ಲಿ ಹರಾಜುದಾರರ ಪರವಾನಗಿ ಮಂಡಳಿಯೂ ಪರೀಕ್ಷೆಯೂ ಪರಿಹಾರ ನಿಧಿಯೂ ಇವೆ, ಅಯೋವದಂಥ ರಾಜ್ಯಗಳಲ್ಲಿ ರಾಜ್ಯಮಟ್ಟದ ಪರವಾನಗಿಯೇ ಇಲ್ಲ. ಇದರ ಮೇಲೆ ರಾಷ್ಟ್ರೀಯ ಹರಾಜುದಾರರ ಸಂಘವು ಇಂಡಿಯಾನ ವಿಶ್ವವಿದ್ಯಾಲಯದ ಆವರಣದಲ್ಲಿ ಮೂರು ವರ್ಷಗಳ ಅವಧಿಯಲ್ಲಿ, ವರ್ಷಕ್ಕೊಂದು ಸಲ ಸೇರಿಸಿ ಕಲಿಸುವ ಪ್ರಮಾಣಪತ್ರದ ವ್ಯವಸ್ಥೆ ಇಟ್ಟಿದೆ. ಅದು ಬೇಕಾದವರು ಪಡೆಯುವ ಬಿರುದು, ಕಾನೂನು ಕೇಳುವಂಥದಲ್ಲ. ಪ್ರಮಾಣಪತ್ರ ಒಬ್ಬರ ಕೌಶಲವನ್ನು ಹೇಳುತ್ತದೆ, ಪರವಾನಗಿ ಕೆಲಸ ಮಾಡುವ ಹಕ್ಕನ್ನೇ ಕೊಡುತ್ತದೆ. ನಮ್ಮ ಚರ್ಚೆಗಳಲ್ಲಿ ಈ ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವುದು ನಿತ್ಯದ ಮಾತಾಗಿದೆ.

ಹಾಗಾದರೆ ನಮ್ಮಲ್ಲಿ ಮಾನದಂಡವೊಂದು ಬಂದರೆ ಅದರಲ್ಲಿ ಏನಿರಬೇಕು? ವೇಗವಾಗಿ ಕೂಗುವುದನ್ನು ನಾನು ಪರೀಕ್ಷೆಯ ಹೊರಗಿಡುತ್ತೇನೆ. ಐಪಿಎಲ್ ಆಟಗಾರರ ಹರಾಜನ್ನು ದೂರದರ್ಶನದಲ್ಲಿ ನೋಡಿದವರು ಹರಾಜುದಾರನೆಂದರೆ ವೇದಿಕೆಯ ಮೇಲಿನ ಧ್ವನಿ ಎಂದುಕೊಂಡಿದ್ದಾರೆ. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಆ ಹರಾಜು ನಡೆಸುತ್ತಿದ್ದ ಹ್ಯೂ ಎಡ್ಮೀಡ್ಸ್ ನಡುವೆಯೇ ಕುಸಿದಾಗ ಚಾರು ಶರ್ಮಾ ಬಂದು ಕೆಲಸ ಮುಂದುವರಿಸಿದ್ದು ನಿಮಗೆ ನೆನಪಿರಬಹುದು. ಅಲ್ಲಿ ನಿಯಮಗಳು, ಕನಿಷ್ಠ ಬೆಲೆಗಳು, ಪ್ರತಿ ತಂಡದ ಖರ್ಚಿನ ಮಿತಿ ಎಲ್ಲವೂ ಮೊದಲೇ ಗೊತ್ತಾಗಿದ್ದು, ಕೂಗುವವರೆಲ್ಲ ತಿಳಿದವರೇ ಆಗಿದ್ದರಿಂದ ಅದು ಸಾಧ್ಯವಾಯಿತು. ಊರಿನ ಹರಾಜಿನಲ್ಲಿ ಮಾರುವವನು ಕಷ್ಟದಲ್ಲಿರುತ್ತಾನೆ, ಕೊಳ್ಳುವವರು ಒಬ್ಬರಿಗೊಬ್ಬರು ಪರಿಚಿತರಾಗಿರುತ್ತಾರೆ, ಸರಕಿನ ದೋಷ ಕಣ್ಣಿಗೆ ಕಾಣುವಂತಿರುವುದಿಲ್ಲ. ಅಲ್ಲಿ ಬೇಕಾದ ಜ್ಞಾನ ಬೇರೆ.

ಮೊದಲು, ತಾನು ಮಾರುವ ಸರಕಿನ ಗುಣ ದೋಷಗಳನ್ನು ಗುರುತಿಸುವಷ್ಟು ತಿಳಿವಳಿಕೆ ಬೇಕು. ಆದ್ದರಿಂದ ಪ್ರಮಾಣಪತ್ರ ಎಲ್ಲ ಸರಕಿಗೂ ಒಂದೇ ಆಗಿರದೆ ಒಡವೆಗೆ, ಜಮೀನಿಗೆ, ಕೃಷಿ ಉತ್ಪನ್ನಕ್ಕೆ, ಯಂತ್ರ ವಾಹನಗಳಿಗೆ ಬೇರೆ ಬೇರೆ ಇರಬೇಕು. ಎರಡನೆಯದಾಗಿ 64ನೆಯ ಕಲಮು, ಜಪ್ತಿ ಮಾಡಿದ ಆಸ್ತಿಯ ಮಾರಾಟಕ್ಕೆ 2002ರಲ್ಲಿ ಬಂದ ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳ 30 ದಿನಗಳ ನೋಟೀಸು, ಅಲ್ಲಿಯೂ ಇರುವ ಶೇ 25ರ ಮುಂಗಡ, ಇವು ಬಾಯಿಪಾಠವಾಗಿರದೆ ಕೈಗೆ ಬಂದಿರಬೇಕು. ಇವೆರಡಕ್ಕಿಂತ ಹೆಚ್ಚಾಗಿ ನಾನು ಒತ್ತಿ ಹೇಳುವುದು ದಾಖಲೆಯ ಶಿಸ್ತನ್ನು. ಪ್ರತಿ ಲಾಟಿನ ಮೊದಲ ಕೂಗು, ಕೂಗಿದವರ ಸಂಖ್ಯೆ, ಏರಿದ ಪ್ರತಿ ಮೆಟ್ಟಿಲು, ಮಾರುವವನ ಪರವಾಗಿ ಬಂದ ಕೂಗೇನಾದರೂ ಇದ್ದರೆ ಅದನ್ನು ಆಗಲೇ ಗಟ್ಟಿಯಾಗಿ ಹೇಳಿದ ಗುರುತು, ಇವೆಲ್ಲ ಕಾಗದಕ್ಕೆ ಬಂದು, ಕೇಳಿದ ಮಾಲೀಕರಿಗೆ ಪ್ರತಿ ಸಿಗಬೇಕು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮನೆಯ ಹರಾಜಿನಲ್ಲಿ ಮಾರುವವನ ಪರವಾಗಿ ಒಂದೇ ಒಂದು ಕೂಗಿಗೆ ಅವಕಾಶವಿದೆ, ಅದನ್ನೂ ಹರಾಜುದಾರನೇ ಸಾರಿ ಹೇಳಬೇಕು. ಹುಸಿ ಕೂಗಿಗೆ ಭಾರಿ ದಂಡವಿದೆ. ನಮ್ಮ ಕಲಮಿನ ಆಶಯವೂ ಇದೇ. ಅದನ್ನು ನಡವಳಿಕೆಯ ನಿಯಮವಾಗಿ ಬರೆದವರು ಇಲ್ಲ ಅಷ್ಟೆ.

ಇ-ಹರಾಜು ಬಂದಮೇಲೆ ಈ ಮಾತೆಲ್ಲ ಏಕೆ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು. ಪ್ರಶ್ನೆ ಸರಿಯಾದದ್ದು. ಕರ್ನಾಟಕವು 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿತು. 2016ರಲ್ಲಿ ಬಂದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಅದರ ಹಿಂದೆಯೇ ಬಂದದ್ದು. ಗೂಡಿನ ಮಾರುಕಟ್ಟೆಯಲ್ಲೂ ಈಗ ಮೊಬೈಲಿನಿಂದ ಬಿಡ್ ಹಾಕುತ್ತಾರೆ. ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಡಚ್ ಪದ್ಧತಿಯಂತೆ ಗಡಿಯಾರದ ಮುಳ್ಳು ಮೇಲಿನ ಬೆಲೆಯಿಂದ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಅಲ್ಲಿ ಕೂಗುವ ಬಾಯಿಯೇ ಬೇಡ. ಇವೆಲ್ಲದರಿಂದ ರೈತನಿಗೆ ನಿಜವಾದ ಲಾಭವಾಗಿದೆ, ಮರೆಯಲ್ಲಿ ನಡೆಯುತ್ತಿದ್ದ ಎಷ್ಟೋ ಮಸಲತ್ತು ನಿಂತಿದೆ. ಆದರೆ ಯಂತ್ರವು ಹರಾಜುದಾರನನ್ನು ಇಲ್ಲವಾಗಿಸಿಲ್ಲ, ಅವನನ್ನು ತೆರೆಯ ಹಿಂದೆ ಕೂರಿಸಿದೆ. ಬಿಡ್ ಎಷ್ಟು ಗಂಟೆಗೆ ಮುಚ್ಚಬೇಕು, ಕೊನೆಯ ನಿಮಿಷದಲ್ಲಿ ಬಿಡ್ ಬಂದರೆ ಸಮಯ ವಿಸ್ತರಿಸಬೇಕೋ ಬೇಡವೋ, ಕನಿಷ್ಠ ಏರಿಕೆ ಎಷ್ಟು, ತಪ್ಪಾಗಿ ಒತ್ತಿದ ಅಂಕಿಯನ್ನು ತಿದ್ದುವ ಅಧಿಕಾರ ಯಾರಿಗೆ ಎಂಬ ತೀರ್ಮಾನಗಳನ್ನು ಯಾರೋ ಒಬ್ಬರು ಮಾಡಿಯೇ ಇರುತ್ತಾರೆ. ಅವರು ಹರಾಜಿನ ತತ್ತ್ವ ತಿಳಿದವರೋ, ಬರೀ ತಂತ್ರಾಂಶ ತಿಳಿದವರೋ ಎಂಬುದು ನಮಗೆ ತಿಳಿಯದು.

ತೆರೆಯ ಮೇಲಿನ ಅಂಕಿಗೆ ವಿವರಣೆ ಕೊಡುವವರು ಯಾರೂ ಇಲ್ಲದಿದ್ದರೆ ಏನಾಗಬಹುದು ಎಂಬ ಆತಂಕ ನನಗೆ 2024ರ ಮಾರ್ಚ್ 11ರಂದು ಬ್ಯಾಡಗಿಯ ಸುದ್ದಿ ಕೇಳಿದಾಗ ಮೂಡಿತು. ಮೆಣಸಿನಕಾಯಿ ಬೆಲೆ ಒಮ್ಮೆಲೇ ಕುಸಿಯಿತೆಂದು ಸಿಟ್ಟಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಲೆ ಇಳಿಯಲು ಆವಕ, ದಾಸ್ತಾನು, ಬೇಡಿಕೆ ಎಂಬ ಕಾರಣಗಳು ಇರುತ್ತವೆ, ಅವನ್ನು ಯಾವ ಹರಾಜುದಾರನೂ ಬದಲಿಸಲಾರ. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದೂ ಇಲ್ಲ. ಆದರೆ ನಿಮ್ಮ ಲಾಟಿಗೆ ಇಷ್ಟು ಜನ ಬರೆದರು, ಅದರಲ್ಲಿ ಇದು ಹೆಚ್ಚಿನದು, ನಿನ್ನೆಗಿಂತ ಇಂದು ಕಡಿಮೆಯಾದದ್ದು ಈ ಕಾರಣಕ್ಕೆ ಎಂದು ರೈತನ ಮುಖ ನೋಡಿ ಹೇಳುವ, ಹೇಳಲು ಅರ್ಹತೆಯೂ ಅಧಿಕಾರವೂ ಇರುವ ಒಬ್ಬ ಮನುಷ್ಯ ಪ್ರತಿ ಪ್ರಾಂಗಣದಲ್ಲೂ ಬೇಕು.

ಇದನ್ನೆಲ್ಲ ಒಂದೇ ದಿನದಲ್ಲಿ ತರಬೇಕೆಂದು ನಾನು ಹೇಳುತ್ತಿಲ್ಲ. ಒಡವೆಯ ಹರಾಜಿನಿಂದ ಆರಂಭಿಸಬಹುದು. ಅಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳು ಈಗಾಗಲೇ ಇವೆ, ಕಳೆದುಕೊಳ್ಳುವವರು ತೀರ ದುರ್ಬಲರು, ಮತ್ತು ಕಂಪನಿಗಳು ಹೇಗಿದ್ದರೂ ಹರಾಜುದಾರರ ಪಟ್ಟಿ ಇಟ್ಟಿರಬೇಕು. ಪರೀಕ್ಷೆ ಪಾಸಾದವರನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಕು ಎಂಬ ಒಂದು ವಾಕ್ಯ ಸೇರಿದರೆ ಸಾಕು. ಅದರ ಖರ್ಚು ಒಡವೆಯ ಬೆಲೆಯಿಂದ ಕಳೆಯುವಂತಾಗಬಾರದು. ಪರೀಕ್ಷೆಯ, ನೋಂದಣಿಯ ಶುಲ್ಕವನ್ನು ಹರಾಜುದಾರನೋ ಅವನನ್ನು ನೇಮಿಸಿದ ಕಂಪನಿಯೋ ಹೊರಬೇಕು.

ಇನ್ನೊಂದು ಆಕ್ಷೇಪಣೆಯನ್ನು ನನಗೆ ಹಲವರು ಹೇಳಿದ್ದಾರೆ. ಓದು ಕಡಿಮೆಯಿರುವ, ಆದರೆ ಮೂವತ್ತು ನಲವತ್ತು ವರ್ಷ ಕೂಗಿ ಪಳಗಿದವರನ್ನು ಈ ಪರೀಕ್ಷೆ ಹೊರಗೆ ದಬ್ಬುವುದಿಲ್ಲವೇ ಎಂದು. ದಬ್ಬಿದರೆ ಆ ಪರೀಕ್ಷೆಯೇ ತಪ್ಪು. ಅಡಿಯ ಪದರದಿಂದ ಗೂಡು ತೆಗೆದು ನೋಡುತ್ತಿದ್ದ ಆ ಹಿರಿಯರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಅವರಂಥವರ ಪರೀಕ್ಷೆ ಬರವಣಿಗೆಯ ಕೋಣೆಯಲ್ಲಿ ನಡೆಯಬಾರದು. ಅದು ಹರಾಜು ಕಟ್ಟೆಯ ಮೇಲೆ, ನಿಜವಾದ ಲಾಟುಗಳ ಮುಂದೆ, ಕನ್ನಡದಲ್ಲಿ, ಮಾತಿನಲ್ಲೇ ನಡೆಯಬೇಕು; ಪರೀಕ್ಷಕರಲ್ಲಿ ಒಬ್ಬ ರೈತನೂ ಒಬ್ಬ ಕೊಳ್ಳುವವನೂ ಇರಬೇಕು. ಪಾಸಾದ ಮೇಲೆ 1845ರ ಆ ಹಳೆಯ ಕಾಯ್ದೆ ಕೇಳಿದಂತೆ ಒಂದು ಫಲಕ, ಅದರ ಮೇಲೆ ಅವರ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ದೂರು ಕೊಡಬೇಕಾದ ಕಚೇರಿಯ ವಿಳಾಸ, ಎಲ್ಲವೂ ಕನ್ನಡದಲ್ಲಿ, ಹಿಂದಿನ ಸಾಲಿನಲ್ಲಿ ನಿಂತವರಿಗೂ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ. ಇ-ಹರಾಜಾದರೆ ಅದೇ ಹೆಸರು ತೆರೆಯ ಮೇಲೆ, ಬೆಲೆಯ ಅಂಕಿಯ ಪಕ್ಕದಲ್ಲೇ ಇರಬೇಕು.